ನಿಮಿಷಕ್ಕೆ ನಾಲ್ಕು

ಹಲ್ಲು ಸುಡುವ ವಾಸನೆ, ಹೌದು ಅದೇ, ಇಪ್ಪತ್ತೆರಡು ವರ್ಷ ದಿನಾ ಮೂಗಿಗೆ ಬಡಿದ ವಾಸನೆ ನನಗೆ ಗುರುತು ಸಿಗದೆ ಇರುತ್ತದೆಯೇ, ಆದರೆ ಇಲ್ಲಿ ಯಾರ ಹಲ್ಲು, ನಾನಿರುವುದು ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಲ್ಲ, ಹಾಯಿದೋಣಿಯಲ್ಲಿ, ನದಿಯ ನಡುವೆ, ಒಬ್ಬಳೇ, ಕೈಯಲ್ಲಿ ಚುಕ್ಕಾಣಿ, ಕಾಲಡಿಯಲ್ಲಿ ಎಂಜಿನ್ನಿನ ಗುಡುಗುಡು — ದಡದಲ್ಲಿ ಯಾರೋ ಏನೋ ಸುಡುತ್ತಿರಬೇಕು, ಕಸವೋ ರಬ್ಬರೋ, ಸುಡಲಿ, ಈಗ ಮೂರೂಕಾಲು, ನಾಲ್ಕಕ್ಕೆ ಹಾಯಿಕಂಬದ ದೋಣಿಗಳು ದಾಟಲೆಂದು ಸೇತುವೆ ಎತ್ತುತ್ತಾರೆ, ಅದೊಂದೇ ನೆನಪಿರಲಿ. ಸೇತುವೆ ದಾಟಿದರೆ ಒಂದು ತಿರುವು, ತಿರುವಿನ ದಡದಲ್ಲಿ ಹಳದಿ ಬಣ್ಣದ ಆರೈಕೆ ಮನೆ, ಎರಡನೇ ಮಹಡಿಯಲ್ಲಿ ಎಡದಿಂದ ಮೂರನೇ ಕಿಟಕಿ, ಕಿಟಕಿಯ ಹಿಂದೆ ಗಾಲಿಕುರ್ಚಿಯಲ್ಲಿ ಮಾವ. ದೋಣಿಯನ್ನು ಆ ಕಿಟಕಿಯ ಮುಂದೆ ಹಾಯಿಸಿ ತೋರಿಸುತ್ತೇನೆ ಎಂದು ಮಾತು ಕೊಟ್ಟು ಎರಡು ವರ್ಷವಾಯಿತು, ಆ ಮಾತಿಗೆ ಇವತ್ತೇ ಕೊನೆಯ ದಿನ, ನಾಳೆ ಬೆಳಿಗ್ಗೆ ಏಳಕ್ಕೆ ನಾದಿನಿ ಕಾರು ತಂದು ಅಪ್ಪನನ್ನು ತನ್ನ ಊರಿಗೆ ಕರೆದುಕೊಂಡು ಹೋಗುತ್ತಾಳೆ, ಆ ಊರಿನಲ್ಲಿ ನೀರು ಅಂದರೆ ನಲ್ಲಿಯಲ್ಲಿ ಬರುವುದು ಮಾತ್ರ, ಇವತ್ತು ತಪ್ಪಿದರೆ ಸೇತುವೆ ಮತ್ತೆ ಎತ್ತುವುದು ನಾಳೆ ಮಧ್ಯಾಹ್ನ. ತಪ್ಪುವ ಮಾತೇ ಇಲ್ಲ. ಗಾಳಿ ಎದುರಿಗಿದೆ, ನದಿ ಕಿರಿದು, ಹಾಯಿ ಬಿಚ್ಚಿ ಪ್ರಯೋಜನವಿಲ್ಲ, ಎಂಜಿನ್ನೇ ಗತಿ, ಓಡು ಮುದುಕಿ ಓಡು, ಇನ್ನೊಂದು ಗಂಟೆ ನನ್ನ ಮರ್ಯಾದೆ ಉಳಿಸು, ಆಮೇಲೆ ಬೇಕಾದರೆ ಕೂತು ಕೆಮ್ಮು.

ಮುದುಕಿ ಅನ್ನುವುದು ಮಾವ ಇಟ್ಟ ಹೆಸರು, ಇಪ್ಪತ್ತಾರು ಅಡಿಯ ದೋಣಿ, ನನಗಿಂತ ಐದು ವರ್ಷ ಚಿಕ್ಕವಳು, ಆದರೂ ಮುದುಕಿ, ಹಾಗಾದರೆ ನಾನೇನು ಅಂತ ಒಮ್ಮೆ ಕೇಳಿದ್ದಕ್ಕೆ ನೀವು ಡಾಕ್ಟ್ರು, ಡಾಕ್ಟ್ರಿಗೆ ವಯಸ್ಸಾಗಲ್ಲ, ಫೀಸಿಗೆ ಮಾತ್ರ ಆಗೋದು ಅಂದಿದ್ದರು. ಮಗನಿಗೆ ಸೇರಬೇಕಾದ ದೋಣಿಯನ್ನು ಸೊಸೆಗೆ ಕೊಟ್ಟರು, ಕೊಡದೆ ಏನು ಮಾಡುತ್ತಾರೆ, ಮಗ ಭೂಗೋಳದ ಮೇಷ್ಟ್ರು, ಯಾವ ಸಾಗರ ಎಷ್ಟು ಆಳ ಅಂತ ನಿದ್ದೆಯಲ್ಲೂ ಹೇಳುತ್ತಾನೆ, ಸ್ನಾನದ ಬಕೆಟ್ಟಿನ ನೀರು ಅಲ್ಲಾಡಿದರೆ ಅವನಿಗೆ ವಾಕರಿಕೆ. ಮದುವೆಯಾದ ಹೊಸದರಲ್ಲಿ ಮೂವರೂ ಹೋಗಿದ್ದೆವು, ಗಂಡ ಅಂಚಿನ ಮೇಲೆ ಬಗ್ಗಿದವನು ತಲೆ ಎತ್ತಿದ್ದು ದಡ ಮುಟ್ಟಿದ ಮೇಲೆಯೇ, ನಾನು ಚುಕ್ಕಾಣಿ ಹಿಡಿದವಳು ಬಿಡಲೇ ಇಲ್ಲ, ಮಾವ ನನ್ನನ್ನೇ ನೋಡುತ್ತಾ, ಡಾಕ್ಟ್ರೇ, ಇಷ್ಟು ಒಳ್ಳೆ ಕೈ ಇಟ್ಕೊಂಡು ಯಾರದೋ ಬಾಯಲ್ಲಿ ಯಾಕೆ ಆಡಿಸ್ತೀರ, ಇಲ್ಲೇ ಇದ್ಬಿಡಿ ಅಂದರು, ಹತ್ತೊಂಬತ್ತು ವರ್ಷ ಹಾಗೇ ಇದ್ದುಬಿಟ್ಟೆ. ಆಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಅವರ ಬಲಗೈ ಬಲಗಾಲು ಬಿದ್ದುಹೋಯಿತು, ಜೊತೆಗೆ ಮಾತೂ, ಉಳಿದದ್ದು ಎರಡೇ ಪದ, ಬೇಡ, ಹ್ಞೂಂ, ಮತ್ತೆ ಇಡೀ ದಿನ ತಡಕಾಡಿದರೆ ಎಲ್ಲಿಂದಲೋ ಸಿಗುವ ಒಂದು ಪದ. ಅತ್ತಿಗೆ, ಅಪ್ಪನೇ ಹೋಗೋಕಾಗದ ಮೇಲೆ ಅದನ್ನ ಇಟ್ಕೊಂಡು ಏನ್ ಮಾಡ್ತೀಯ, ಮಾರಿಬಿಡು ಅಂದಳು ನಾದಿನಿ, ಕೆಟ್ಟವಳಲ್ಲ, ಬೇಡದ್ದನ್ನು ಮನೆಯಿಂದ ಸಾಗಹಾಕುವುದು ಅವಳ ಹುಟ್ಟುಗುಣ, ನಾನು ಕಿವಿಗೆ ಹಾಕಿಕೊಳ್ಳದೆ ಮುದುಕಿಯನ್ನು ನೀರಿನಿಂದ ಎತ್ತಿಸಿ ದೋಣಿಕಟ್ಟೆಯಲ್ಲಿ ನಿಲ್ಲಿಸಿದೆ. ಎರಡು ವರ್ಷದ ಭಾನುವಾರಗಳು ಅಲ್ಲೇ ಹೋದವು, ತಳಕ್ಕೆ ಅಂಟಿದ ಚಿಪ್ಪು ಕೆರೆದೆ, ಹಲ್ಲಿನ ಕಿಟ್ಟ ಕೆರೆದಾಗ ಬರುವ ಸದ್ದೇ ಅದಕ್ಕೂ, ಹಾಯಿಕಂಬದ ತಂತಿಗಳನ್ನೆಲ್ಲ ಬದಲಿಸಿದೆ, ವೈರು ಕಿತ್ತು ಹೊಸದು ಎಳೆದೆ, ಮುಂದಿನ ಹಾಯಿಗೆ ಸುತ್ತುವ ಉರುಳೆ ಹಾಕಿ ಹಗ್ಗವನ್ನೆಲ್ಲ ಹಿಂದಕ್ಕೆ ತಂದೆ, ಈಗ ಕೂತಲ್ಲಿಂದಲೇ ಒಬ್ಬಳೇ ಹಾಯಿ ಬಿಚ್ಚಬಹುದು ಸುತ್ತಬಹುದು, ಯಾರ ಹಂಗೂ ಇಲ್ಲ, ಸಂಡಾಸಿನ ಪೈಪು ಬದಲಿಸಿದ ಕಥೆ ಬೇಡ, ಆ ದಿನ ಗಂಡ ನನ್ನನ್ನು ಗೇಟಿನಲ್ಲೇ ನಿಲ್ಲಿಸಿ ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ತೊಳೆದಿದ್ದ. ಎಂಜಿನ್ನೊಂದನ್ನು ಮಾತ್ರ ಕಟ್ಟೆಯ ಮೆಕ್ಯಾನಿಕ್ ಗ್ರೀಸಣ್ಣನಿಗೆ ಬಿಟ್ಟೆ, ಉಳಿದದ್ದೆಲ್ಲ ಈ ಎರಡು ಕೈ.

ವಾಸನೆ ಹೋಗಿಲ್ಲ, ಜಾಸ್ತಿಯಾಗಿದೆ, ದಡ ದೂರವಾಯಿತು ವಾಸನೆ ಹತ್ತಿರವಾಯಿತು, ಅಂದರೆ ದಡದ್ದಲ್ಲ, ನನ್ನದೇ — ಎಂಜಿನ್ನಿನ ಕಾವಿನ ಮುಳ್ಳು ನೋಡು, ಸರಿಯಾಗಿದೆ, ಹಿಂದಿನ ಕೊಳವೆ ನೀರು ಉಗುಳುತ್ತಿದೆಯೇ, ಉಗುಳುತ್ತಿದೆ, ವೈರು ಸುಟ್ಟರೆ ಬೇರೆ ವಾಸನೆ, ಇದು ಕೂದಲು, ಮೇಣ, ಹಲ್ಲು, ಕಾಲ ಕೆಳಗಿನ ಮುಚ್ಚಳದ ಸಂದಿಯಿಂದ ಬರುತ್ತಿದೆ, ಅಡುಗೆಮನೆಯಿಂದ. ಅಡುಗೆಮನೆ ಅಂತ ಮಾವನೇ ಕರೆಯುತ್ತಿದ್ದದ್ದು, ಎಂಜಿನ್ನಿನ ಹಿಂದಿನ ಆ ಕತ್ತಲ ಗೂಡು, ಸೊಸೆಗೆ ಪ್ರವೇಶವಿಲ್ಲದ ಒಂದೇ ಅಡುಗೆಮನೆ ಅಂತ ನಾವು ನಗುತ್ತಿದ್ದೆವು, ಎಂಜಿನ್ ಓಡುವಾಗ ಅವರು ಟಾರ್ಚು ಹಿಡಿದು ಅದರೊಳಗೆ ತಲೆ ತೂರಿಸಿ, ಒಂದು ಕಣ್ಣು ಗಡಿಯಾರದ ಮೇಲಿಟ್ಟು, ತುಟಿ ಅಲ್ಲಾಡಿಸುತ್ತಾ ಕೂರುತ್ತಿದ್ದರು, ಏನ್ಮಾಡ್ತಿದೀರಿ ಮಾವ ಅಂದರೆ ಬೇಯ್ತಾ ಇದೆ ಡಾಕ್ಟ್ರೇ, ಬೇಯ್ತಾ ಇದೆ. ಅಲ್ಲಿರುವುದು ಗ್ಲ್ಯಾಂಡು, ಎಂಜಿನ್ನಿನ ಶಾಫ್ಟು ದೋಣಿಯ ಹೊಟ್ಟೆ ತೂರಿ ಹೊರಗೆ ಹೋಗಿ ಪ್ರೊಪೆಲ್ಲರ್ ತಿರುಗಿಸಬೇಕಲ್ಲ, ಆ ತೂತಿನಿಂದ ನದಿ ಒಳಗೆ ಬರದ ಹಾಗೆ ಶಾಫ್ಟಿನ ಸುತ್ತ ಒಂದು ದಪ್ಪ ಹಿತ್ತಾಳೆ ನಟ್ಟು, ನಟ್ಟಿನೊಳಗೆ ಮೇಣ ಹಚ್ಚಿದ ಹುರಿಯ ಮೂರು ಸುತ್ತು, ನಟ್ಟು ಬಿಗಿದಷ್ಟೂ ಹುರಿ ಶಾಫ್ಟನ್ನು ಅವುಚಿಕೊಳ್ಳುತ್ತದೆ. ಹಳೆಯ ಹುರಿ ಕಿತ್ತು ಹೊಸದನ್ನು ತುಂಬಿದವಳು ನಾನೇ, ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಜೋಡಣೆ ಇನ್ನೊಂದರ ಮೇಲೆ ಬರದಂತೆ, ಬೇರಿನವರೆಗೆ ಕೊರೆದ ಹಲ್ಲನ್ನು ತುಂಬುವಾಗಿನ ಶ್ರದ್ಧೆಯಲ್ಲಿ, ಗ್ಲ್ಯಾಂಡು ಯಾರು ಮಾಡಿದ್ರು ಅಂತ ಕೇಳಿದ ಗ್ರೀಸಣ್ಣ ನಾನೇ ಅಂದಿದ್ದಕ್ಕೆ, ಹಂಗಾದ್ರೆ ನಾನು ನೋಡೋದೇನಿದೆ ಬಿಡಿ, ನಿಮ್ ಕೈ ಅಂದ್ಮೇಲೆ ಅಂದ, ನಾನು ಉಬ್ಬಿಹೋದೆ. ಹೋದ ಶನಿವಾರ ನೀರಿಗಿಳಿಸಿದಾಗ ನಟ್ಟಿನ ಕೆಳಗೆ ಒಂದು ಟಿಶ್ಯೂ ಹಾಸಿದ್ದೆ, ಕ್ಲಿನಿಕ್ಕಿನದೇ, ಸ್ವಲ್ಪ ಒದ್ದೆಯಾಯಿತು, ಇನ್ನರ್ಧ ಸುತ್ತು ಬಿಗಿದೆ, ಮತ್ತೆ ಒದ್ದೆ, ಹಲ್ಲು ಕಚ್ಚಿ ಇನ್ನರ್ಧ ಸುತ್ತು, ಒಣ. ಒಣಗಿದ್ದರೆ ನಿಲ್ಲುತ್ತದೆ ಒದ್ದೆಯಾದರೆ ಉದುರುತ್ತದೆ, ನನ್ನ ವೃತ್ತಿಯ ಮೊದಲ ಪಾಠ, ಇಪ್ಪತ್ತೆರಡು ವರ್ಷ ಜನರ ಕೆನ್ನೆಯೊಳಗೆ ಹತ್ತಿ ತುರುಕಿ ಒಣಗಿಸಿದ್ದೇ ನನ್ನ ಬದುಕು. ಭಾನುವಾರ ಆರೈಕೆ ಮನೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಕೊಂಬು ಬಂದವಳ ಹಾಗೆ ಹೇಳಿದೆ, ಮಾವ, ಮುದುಕಿ ನೀರಿಗಿಳಿದಳು, ಅಡುಗೆಮನೆ ನಾನೇ ಮಾಡಿದೆ, ಒಳಗೆ ಒಂದೇ ಒಂದು ಹನಿಯೂ ಇಲ್ಲ. ಮಾವನ ಮುಖ ಅರಳಲಿಲ್ಲ. ಎಡಗೈಯಿಂದ ಹಾಸಿಗೆಯ ಕಂಬಿ ಬಡಿದರು, ಬಾಯಿ ತೆರೆದರು ಮುಚ್ಚಿದರು, ಬೆವರಿದರು, ಕೊನೆಗೆ ಹನಿ ಅಂದರು, ಹನಿ, ಹನಿ. ನರ್ಸು ಓಡಿಬಂದು ಚಮಚದಲ್ಲಿ ನೀರು ಕುಡಿಸಿದಳು, ಬೇಡ ಅಂದರು, ಕಣ್ಣಿಗೆ ಬಿಡೋ ಹನಿ ಇರಬೇಕು ಅಂತ ಅಪ್ಪನನ್ನು ನೋಡಲು ಬಂದಿದ್ದ ನಾದಿನಿ ಔಷಧಿ ತಂದು ಎರಡು ಕಣ್ಣಿಗೂ ಬಿಟ್ಟಳು, ಬೇಡ ಬೇಡ ಅಂದರು, ಔಷಧಿಯೋ ಅಳುವೋ, ಕೆನ್ನೆಯ ಮೇಲೆ ಇಳಿಯಿತು, ನಾನು ಬಾಯ್ತುಂಬ ನಗುತ್ತಾ ಹೌದು ಮಾವ ಒಂದು ಹನಿಯೂ ಇಲ್ಲ ಅಂತ ಮತ್ತೆ ಮತ್ತೆ ಹೇಳಿದೆ, ಅವರು ಗೋಡೆಯ ಕಡೆ ತಿರುಗಿಬಿಟ್ಟರು.

ಬೆಪ್ಪಿ, ಮುಚ್ಚಳ ತೆಗಿ ಮೊದಲು — ತೆಗೆದರೆ ಬಿಸಿ ಗಾಳಿ, ತೆಳುವಾದ ಹೊಗೆ, ಎಂಜಿನ್ ನಿಲ್ಲಿಸಿದರೆ ಸೇತುವೆ ತಪ್ಪುತ್ತದೆ, ನಿಲ್ಲಿಸದಿದ್ದರೆ ಶಾಫ್ಟೇ ಕಚ್ಚಿಕೊಂಡು ನಿಂತೀತು, ನಿಲ್ಲಿಸಿದೆ. ಲಂಗರು, ಬೇಗ, ಮುಂದಕ್ಕೆ ಓಡು, ಸರಪಳಿ ಗರಗರ ಇಳಿಯಿತು, ಹಿಡಿಯಿತು, ಮುದುಕಿ ಎದುರುಗಾಳಿಗೆ ಮುಖ ಮಾಡಿ ನಿಂತಳು, ಗಂಟೆ ಮೂರು ಇಪ್ಪತ್ತೆರಡು. ನಟ್ಟಿನ ಮೇಲೆ ಕೈಯಿಟ್ಟೆ, ಅಯ್ಯೋ, ಬೆರಳು ಬಾಯಿಗೆ ಹೋಯಿತು, ಹಿತ್ತಾಳೆ ಕಾದು ಕೂತಿದೆ, ಟಿಶ್ಯೂ ಮಾತ್ರ ಹಾಗೇ ಒಣ, ಗರಿಗರಿ, ನನ್ನ ಹೆಮ್ಮೆಯ ಟಿಶ್ಯೂ. ಬೆರಳು ಚೀಪುತ್ತಾ ಕೂತಿದ್ದೇನೆ, ಹಲ್ಲು ಸುಡುವ ವಾಸನೆ, ಹಲ್ಲು ಯಾವಾಗ ಸುಡುತ್ತದೆ, ಕೊರೆಯುವಾಗ ನೀರು ನಿಂತರೆ ಸುಡುತ್ತದೆ, ಕಲಿಯುವವರಿಗೆ ನಾನೇ ಗದರುತ್ತೇನೆ, ತಿರುಗೋ ಸೂಜಿಗೆ ನೀರು ಬಿಡ್ರೋ, ಒಣಗಿಸಿ ಕೊರೆದ್ರೆ ಹಲ್ಲು ಸಾಯುತ್ತೆ — ತುಂಬುವುದಕ್ಕೆ ಒಣ ಬೇಕು, ತಿರುಗುವುದಕ್ಕೆ ನೀರು ಬೇಕು, ಶಾಫ್ಟು ತಿರುಗುತ್ತದೆ, ತಿರುಗುತ್ತದೆ ಕಣೇ, ಅದನ್ನು ಹಲ್ಲು ತುಂಬಿದ ಹಾಗೆ ತುಂಬಿಬಿಟ್ಟೆಯಲ್ಲೇ. ಹನಿ. ಅವರು ಕೇಳಿದ್ದು ಕುಡಿಯಲು ನೀರಲ್ಲ, ಕಣ್ಣಿಗೆ ಔಷಧಿಯಲ್ಲ, ಹನಿ ಬೀಳಬೇಕು ಅಂದದ್ದು, ನಟ್ಟಿನಿಂದ ಹನಿ ಬೀಳುತ್ತಿದ್ದರೆ ತಂಪಾಗಿರುತ್ತದೆ, ಬೀಳದಿದ್ದರೆ ಸುಟ್ಟುಹೋಗುತ್ತದೆ ಅಂದದ್ದು, ಸಿಕ್ಕ ಒಂದೇ ಪದದಲ್ಲಿ ಇನ್ನೇನು ಹೇಳಿಯಾರು, ನಾವು ಮೂವರು ಸೇರಿ ಅದನ್ನು ಅವರ ಕಣ್ಣಿಗೇ ಬಿಟ್ಟೆವು. ಮತ್ತೆ ಗಡಿಯಾರ, ತುಟಿ ಅಲ್ಲಾಡಿಸುವುದು, ಎಣಿಸುತ್ತಿದ್ದರು, ಹನಿ ಎಣಿಸುತ್ತಿದ್ದರು. ಮತ್ತೆ ಪುಸ್ತಕ. ದೇವರೇ, ಆ ಪುಸ್ತಕ. ಪ್ರತಿ ಸಲ ಹೋಗಿಬಂದಾಗಲೂ ಮಾವ ದೋಣಿಯ ದಿನಚರಿಯಲ್ಲಿ ಒಂದು ಸಾಲು ಬರೆಯುತ್ತಿದ್ದರು, ದಿನ, ಗಾಳಿ, ಎಲ್ಲಿಂದ ಎಲ್ಲಿಗೆ, ಚುಕ್ಕಾಣಿ ಸೊಸೆ, ಸಾಲಿನ ಕೊನೆಗೆ ಒಂದು ಸೊನ್ನೆಯೊಳಗೆ ಒಂದು ಅಂಕಿ, ನಾಲ್ಕು, ಮೂರು, ನಾಲ್ಕು, ನಾಲ್ಕು. ಚುಕ್ಕಾಣಿ ಸೊಸೆ ಅಂದಮೇಲೆ ಬಂದ ಅಂಕಿ ಸೊಸೆಗಲ್ಲದೆ ಇನ್ಯಾರಿಗೆ, ಹತ್ತಕ್ಕೆ ನಾಲ್ಕು ಅಂದುಕೊಂಡೆ, ಶಾಲೆಯಲ್ಲಿ ಎಂದೂ ಎರಡನೆಯವಳಾಗದ ನಾನು, ದೊಡ್ಡ ಅಲೆಯಲ್ಲಿ ಆರು ಗಂಟೆ ಒಬ್ಬಳೇ ಚುಕ್ಕಾಣಿ ಹಿಡಿದ ದಿನ ಮೂರು ಹಾಕಿದರು, ಆ ರಾತ್ರಿ ಊಟ ಸೇರಲಿಲ್ಲ, ಕೇಳಬಹುದಿತ್ತು, ಕೇಳಲಿಲ್ಲ, ಜಂಬ, ಇನ್ನೂ ಚೆನ್ನಾಗಿ ಕಲಿತು ತೋರಿಸುತ್ತೇನೆ ಅಂತ ಪಟ್ಟು ಹಿಡಿದೆ. ಒಮ್ಮೆ ಆರು ಬಂತು, ಸಿಹಿ ಮಾಡಿ ಹಂಚಿದೆ, ಮಾವ ಏನು ವಿಶೇಷ ಡಾಕ್ಟ್ರೇ ಅಂತ ಕಣ್ಣರಳಿಸಿ ಎರಡು ಸಲ ಹಾಕಿಸಿಕೊಂಡರು, ಮರುದಿನ ಸ್ಪ್ಯಾನರ್ ಹಿಡಿದು ಅಡುಗೆಮನೆಗೆ ಇಳಿದರು, ಆರು ಜಾಸ್ತಿ ಅಂತ, ಸೋರುತ್ತಿದೆ ಅಂತ. ನಗು ಬರುತ್ತಿದೆ, ಬೆರಳು ಉರಿಯುತ್ತಿದೆ, ಗಂಟೆ ಮೂರು ಇಪ್ಪತ್ತೆಂಟು, ಎದ್ದೇಳು. ಎರಡು ಸ್ಪ್ಯಾನರ್, ಒಂದು ನಟ್ಟು ಇನ್ನೊಂದನ್ನು ಹಿಡಿದಿಟ್ಟಿದೆ, ಮೊದಲು ಅದನ್ನು ಬಿಡಿಸಬೇಕು, ತೋಳು ಭುಜದವರೆಗೆ ಒಳಗೆ, ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೇನು, ಮೇಲಿನ ದವಡೆಯ ಹಿಂದಿನ ಹಲ್ಲನ್ನು ಕನ್ನಡಿಯಲ್ಲಿ ತಲೆಕೆಳಗಾಗಿ ನೋಡಿ ಕೊರೆದವಳು, ಇದೇನು ಮಹಾ, ಬಾ, ಬಾ ಅಂದರೆ, ಜಾರಿತು, ಗೆಣ್ಣು ಸಿಪ್ಪೆ ಎದ್ದಿತು, ರಕ್ತ, ಇರಲಿ, ಮತ್ತೆ ಹಿಡಿ, ಪೂರ್ತಿ ಮೈಭಾರ ಹಾಕು, ಗಂಡ ಫೋನು ಮಾಡುತ್ತಿದ್ದಾನೆ, ಆಮೇಲೆ, ಬಿಗಿದವಳು ನಾನೇ ಬಿಡಿಸುವವಳೂ ನಾನೇ — ಕಟ್ ಅಂದಿತು. ಒಳಗಿನ ನಟ್ಟು ಕಾಲು ಸುತ್ತು, ಅರ್ಧ, ಚುಸ್ ಅಂತ ಆವಿ, ಆಮೇಲೆ ನೀರು, ದಾರದ ಹಾಗೆ ಸಣ್ಣಗೆ ಸುರಿಯುತ್ತಿದೆ, ಇದು ಜಾಸ್ತಿ, ಇದು ಹುಚ್ಚು ಸೋರಿಕೆ, ಎಂಜಿನ್ ಹಚ್ಚು, ಗೇರು ನಿಧಾನಕ್ಕೆ, ಶಾಫ್ಟು ತಿರುಗಲಿ, ಈಗ ಬಿಗಿ, ಒಂದು ಕೂದಲಿನಷ್ಟು, ಇನ್ನೊಂದು ಕೂದಲು, ದಾರ ತುಂಡಾಯಿತು, ಮಣಿ ಮಣಿಯಾಯಿತು, ಈಗ ಗಡಿಯಾರ. ಒಂದು. ಕಾಯಿ. ಎರಡು. ನನ್ನ ತುಟಿಯೂ ಅಲ್ಲಾಡುತ್ತಿದೆ. ಮೂರು. ನಾಲ್ಕು. ನಿಮಿಷ ಮುಗಿಯಿತು. ಮತ್ತೊಂದು ನಿಮಿಷ, ಮತ್ತೆ ನಾಲ್ಕು, ಕೈ ಮುಟ್ಟಿ ನೋಡಿದೆ, ನಟ್ಟು ತಣ್ಣಗಾಗುತ್ತಿದೆ, ಮೂರು ನಲವತ್ತೇಳು, ಲಂಗರು ಎತ್ತಿದೆ.

ಮುಚ್ಚಳ ಮುಚ್ಚಿಲ್ಲ, ಟಾರ್ಚನ್ನು ಒಳಗೆ ಕಟ್ಟಿದ್ದೇನೆ, ಒಂದು ಕಣ್ಣು ಸೇತುವೆಗೆ ಒಂದು ಕಣ್ಣು ಹನಿಗೆ, ಬೀಳು, ಬಿತ್ತು, ಎಂಜಿನ್ನಿಗೆ ಇನ್ನೂ ಸ್ವಲ್ಪ ಕೊಡು, ಸೇತುವೆಯ ಕೆಂಪು ದೀಪ, ಆ ಕಡೆ ಈ ಕಡೆ ಕಾರುಗಳು ನಿಂತಿವೆ, ಯಾವ ಪುಣ್ಯಾತ್ಮನಿಗೋ ಹಾರ್ನಿನ ಮೇಲೆ ಪ್ರೀತಿ, ಹೊಡಿ ಹೊಡಿ, ಇವತ್ತು ನಾನು ಯಾರಿಗೂ ದಾರಿ ಬಿಡುವವಳಲ್ಲ, ರಸ್ತೆ ಎರಡಾಗಿ ಸೀಳಿ ಮೇಲೆದ್ದಿತು, ಹಸಿರು, ನುಗ್ಗು ಮುದುಕಿ, ಸೇತುವೆಯ ನೆರಳು ಮೈಮೇಲೆ ತಣ್ಣಗೆ ಹಾದುಹೋಯಿತು, ಬಿಸಿಲು ಬಂತು, ಹನಿ ಬಿತ್ತು. ತಿರುವು. ಹಳದಿ ಕಟ್ಟಡ. ನೀರಿನ ಸೆಳೆತ ನಿಂತಿದೆ, ಕಡಲ ಉಬ್ಬರ ತುಂಬಿ ನದಿ ಮೇಜಿನಂತಿದೆ, ಕಟ್ಟಡದ ಕೆಳಗೆ ಹಳೆಯ ಕಲ್ಲಿನ ಕಟ್ಟೆಯವರೆಗೂ ನೀರು ಬಂದು ನಿಂತಿದೆ, ಎಡದಿಂದ ಮೂರನೇ ಕಿಟಕಿ, ಗಾಜಿಗೆ ಒತ್ತಿದ ಒಂದು ಅಂಗೈ, ಎಡಗೈ, ಮಾವ. ಫೋನು ಹೊಡೆದುಕೊಂಡಿತು, ಗಂಡ, ಕಾಣ್ತಿದೀಯ ಕಾಣ್ತಿದೀಯ, ಎಲ್ಲಿ ಸತ್ತುಹೋದೆ ಅಂದ್ಕೊಂಡೆ ಅರ್ಧ ಗಂಟೆಯಿಂದ, ಅಪ್ಪ ಕಿಟಕಿ ಬಿಟ್ಟು ಕದಲ್ತಿಲ್ಲ, ಏನೋ ಹೇಳ್ತಿದಾರೆ ತಡಿ, ಫೋನು ಕಿವಿಗೆ ಹಿಡೀತೀನಿ. ಉಸಿರಿನ ಸದ್ದು. ಆಮೇಲೆ, ಹನಿ. ನಾನು ಕಿರುಚಿಬಿಟ್ಟೆ, ನಾಲ್ಕು ಮಾವ, ನಿಮಿಷಕ್ಕೆ ನಾಲ್ಕು, ನಾನೇ ಎಣಿಸಿದೆ, ಸುಟ್ಕೊಂಡೆ, ಆಮೇಲೆ ಗೊತ್ತಾಯ್ತು, ನಾಲ್ಕು. ಗಾಜಿನ ಮೇಲಿನ ಕೈ ಎರಡು ಸಲ ತಟ್ಟಿತು, ನನಗೆ ಅಳು ತಡೆಯಲಾಗಲಿಲ್ಲ, ಮಾವ, ನಿಮ್ಮ ಪುಸ್ತಕದಲ್ಲಿ ಬರೀತಿದ್ರಲ್ಲ ನಾಲ್ಕು, ಅದನ್ನ ನಾನು ನನಗೆ ಕೊಟ್ಟ ಮಾರ್ಕ್ಸು ಅಂದ್ಕೊಂಡಿದ್ದೆ, ಹತ್ತೊಂಬತ್ತು ವರ್ಷ, ಹತ್ತಕ್ಕೆ ನಾಲ್ಕು ಅಂತ. ಕಿಸಕ್ ಅಂತ ಒಂದು ಸದ್ದು, ಅರ್ಧ ಬಾಯಿಯ ನಗು, ಎರಡು ವರ್ಷದಿಂದ ಕೇಳದ ನಗು, ಆಮೇಲೆ ತಡಕಾಟ, ಉಸಿರು, ಇನ್ನೂ ಉಸಿರು, ಆಮೇಲೆ — ಹತ್ತು. ಸ್ಪಷ್ಟವಾಗಿ. ಹತ್ತು. ಗಂಡನ ದನಿ, ಹತ್ತು ಅಂತಿದಾರೆ ಕಣೇ, ಏನು ಹತ್ತು, ಯಾರು ಎಲ್ಲಿಗೆ ಹತ್ತಬೇಕು.

ಹತ್ತು, ಹತ್ತಕ್ಕೆ ಹತ್ತು, ಕೊಟ್ಟರು, ಕೊನೆಗೂ ಕೊಟ್ಟರು, ಕಣ್ಣು ಮಂಜಾಗಿ ಕಿಟಕಿ ಎರಡಾಗಿ ಕಾಣುತ್ತಿದೆ, ಕೈಬೀಸು, ಹಾರ್ನು ಬಾರಿಸು, ಮಾತು ಉಳಿಸಿಕೊಂಡೆ, ದೋಣಿ ತೋರಿಸಿದೆ, ಆಯಿತು, ಇನ್ನು ಮುಂದಕ್ಕೆ — ನಿಲ್ಲು. ಗಂಡ ಕೇಳಿದ್ದೇನು, ಯಾರು ಹತ್ತಬೇಕು. ಅಂಕಿಯ ಹತ್ತೋ ದೋಣಿ ಹತ್ತುವ ಹತ್ತೋ. ಮತ್ತೆ ಅದೇ ಮಾಡುತ್ತಿದ್ದೀಯ, ನಿನಗೆ ಬೇಕಾದ ಅರ್ಥ ಎತ್ತಿಕೊಂಡು ನಗುತ್ತಾ ಹೋಗುತ್ತಿದ್ದೀಯ, ಭಾನುವಾರ ಹಾಗೇ ಹೋದೆ, ಹತ್ತೊಂಬತ್ತು ವರ್ಷ ಹಾಗೇ ಹೋದೆ, ಬಾಯಿ ಬಿಟ್ಟು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು, ಕೇಳು ಈಗ. ಮಾವ, ಕೇಳಿಸ್ತಾ ಇದ್ಯಾ, ನನಗೆ ಹತ್ತಾ, ಇಲ್ಲ ದೋಣಿ ಹತ್ತೋದಾ. ಉಸಿರು. ದೋಣಿ ಹತ್ತೋದಾ ಮಾವ. ಹ್ಞೂಂ. ಇದು ಅವರಲ್ಲಿ ಉಳಿದ ಪದ, ಇದರಲ್ಲಿ ಎರಡು ಅರ್ಥವಿಲ್ಲ. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದೆ, ಕಲ್ಲಿನ ಕಟ್ಟೆಯ ಕಡೆಗೆ, ಗಂಡನಿಗೆ ಹೇಳಿದೆ ಕೆಳಗೆ ಕರ್ಕೊಂಡ್ ಬಾ, ಈಗಲೇ, ನೀರು ಇಳಿಯೋಕೆ ಮುಂಚೆ, ಕಟ್ಟೆಗೂ ದೋಣಿಗೂ ಈಗ ಒಂದೇ ಮಟ್ಟ, ನಿನಗೆ ತಲೆ ಕೆಟ್ಟಿದ್ಯಾ ಇಲ್ಲಿನ ಡಾಕ್ಟ್ರು ಏನಂತಾರೆ ಅಂದ, ನಾನೂ ಡಾಕ್ಟ್ರೇ ಅಂದೆ, ಹಲ್ಲಿನ ಡಾಕ್ಟ್ರು ಕಣೇ ನೀನು, ನಿಮ್ಮಪ್ಪನಿಗೆ ಅಷ್ಟು ಸಾಕು, ತಂಗಿ ನನ್ನ ಕೊಂದೇಬಿಡ್ತಾಳೆ, ಅವಳು ಬರೋದು ನಾಳೆ ಏಳಕ್ಕೆ, ಇವತ್ತು ಇನ್ನೂ ಇದೆ, ನರ್ಸನ್ನೂ ಕರ್ಕೋ, ಕುರ್ಚಿ ಸಮೇತ ಎತ್ತೋಣ. ಫೋನು ಹಾಗೇ ಬಿದ್ದಿದೆ, ಬಾಗಿಲಿನ ಸದ್ದು, ಗಾಲಿಯ ಕಿರಕಿರ, ಅಪ್ಪಾ ಕಾಲು ಮೇಲಿಡಿ ಅನ್ನುವುದು, ದೂರ ದೂರ. ಕಿಟಕಿ ಖಾಲಿ. ಗಾಜಿನ ಮೇಲೆ ಅಂಗೈ ಒತ್ತಿದ್ದ ಜಾಗ ಮಾತ್ರ ಮಬ್ಬಾಗಿದೆ. ಗೇರು ತೆಗೆದೆ, ಮುದುಕಿ ತನ್ನಷ್ಟಕ್ಕೆ ತೇಲುತ್ತಿದ್ದಾಳೆ, ಕಟ್ಟೆಗೆ ಇನ್ನು ನಾಲ್ಕು ಮಾರು, ಮೂರು, ಹಗ್ಗ ಕೈಯಲ್ಲಿದೆ, ಕಟ್ಟಡದ ಕೆಳಗಿನ ಬಾಗಿಲು ತೆರೆಯುತ್ತಿದೆ, ಮೊದಲು ಎರಡು ಪುಟ್ಟ ಗಾಲಿ, ಆಮೇಲೆ ಚಪ್ಪಲಿಯಿಲ್ಲದ ಎರಡು ಪಾದ, ಶಾಫ್ಟು ನಿಂತಿದೆ, ಟಾರ್ಚಿನ ಬೆಳಕಿನಲ್ಲಿ ನಟ್ಟಿನ ಅಂಚಿನಲ್ಲಿ ಒಂದು ಹನಿ ತುಂಬಿಕೊಳ್ಳುತ್ತಿದೆ, ಉಬ್ಬುತ್ತಿದೆ, ಹೊಳೆಯುತ್ತಿದೆ, ಬೀಳುವುದಿಲ್ಲ, ಹನಿ, ಇನ್ನೂ ಬಿದ್ದಿಲ್ಲ, ಹನಿ